ಹೆಂಡತಿಗೆ ಐರ್ಲೆಂಡ್‌ನಲ್ಲಿ ಕೆಲಸ ಸಿಕ್ಕಿದೆ. ಮಗಳು, ಅಮ್ಮ, ತೋಟ: ಏನು ಮಾಡೋದು?

ಗುಬ್ಬಿಯವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ಹೆಂಡತಿ ಸ್ಟಾಫ್ ನರ್ಸ್. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 11 ವರ್ಷದಿಂದ ಇದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಬಂದು, ಮಗಳನ್ನು ಸ್ಕೂಲಿಗೆ ಕಳಿಸಿ, ಆಮೇಲೆ ಕೂತು ಓದಿ ಒಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಬರೆದಳು. ಮೊದಲ ಸಲ ಬರವಣಿಗೆಯಲ್ಲಿ ಹೋಯಿತು, ಎರಡನೇ ಸಲ ಪಾಸ್. ಈಗ ಐರ್ಲೆಂಡ್‌ನ ಕಾರ್ಕ್ ಊರಿನ ಆಸ್ಪತ್ರೆಯಿಂದ ಆಫರ್ ಬಂದಿದೆ. ಜುಲೈನಲ್ಲಿ ಹೊರಡಬೇಕು.

ನಾನು ಒಂದು ಪಿಯು ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಮಾಡುತ್ತೇನೆ, ಗುತ್ತಿಗೆ ಮೇಲೆ. ಮಗಳು 4ನೇ ಕ್ಲಾಸ್ ಮುಗಿಸಿದಳು, ಕನ್ನಡ ಮಾಧ್ಯಮ, 9 ವರ್ಷ. ಅಮ್ಮನಿಗೆ 68. ಅವರು ಗುಬ್ಬಿ ಹತ್ತಿರ ಊರಿನಲ್ಲಿ ಒಬ್ಬರೇ ಇದ್ದಾರೆ. ಎರಡು ಎಕರೆ ತೆಂಗು, ಮಧ್ಯೆ ಸ್ವಲ್ಪ ಅಡಿಕೆ, ಒಂದು ಸೀಮೆ ಹಸು. ಅಪ್ಪ ಇಲ್ಲ. ತಂಗಿಯನ್ನು ತಿಪಟೂರಿಗೆ ಕೊಟ್ಟಿದೆ.

ಅಮ್ಮ ಹೇಳೋದು ಒಂದೇ ಮಾತು: "ನೀವಿಬ್ರೂ ಓಗಿ ದುಡ್ಕೊಂಬನ್ನಿ, ಮಗೀನ ನಂತಾವ ಬುಡ್ರಿ." ಹೆಂಡತಿ ಆ ಮಾತಿಗೆ ಉತ್ತರ ಕೊಡಲ್ಲ, ಎದ್ದು ಒಳಗೆ ಹೋಗುತ್ತಾಳೆ.

ಎಲ್ಲರೂ ಒಟ್ಟಿಗೆ ಹೋಗೋದಾ, ಅವಳು ಮೊದಲು ಹೋಗಿ ನಾವು ಆಮೇಲಾ? ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಇಲ್ಲೇ ಬಿಟ್ಟರೆ ತಪ್ಪಾ? ಅಮ್ಮನ ಕಥೆ ಏನು? ತುಮಕೂರಿನಲ್ಲಿ ಒಬ್ಬ ಏಜೆಂಟು ಫ್ಯಾಮಿಲಿ ವೀಸಾ ಮಾಡಿಸಿಕೊಡ್ತೀನಿ, 3 ಲಕ್ಷ ಆಗುತ್ತೆ ಅಂದ. ಇದು ಸರಿಯಾ?

ಇನ್ನೊಂದು ವಿಷಯ. ಮೊನ್ನೆ ಬೀಗರ ಊಟದಲ್ಲಿ ನಮ್ಮ ದೊಡ್ಡಪ್ಪ ಎಲೆ ಮುಂದೆ ಕೂತು ಎಲ್ಲರಿಗೂ ಕೇಳೋ ಹಾಗೆ "ಏನಪ್ಪ, ಎಂಡ್ತಿ ವೀಸಾದಾಗೆ ಓಗ್ತೀಯಂತೆ" ಅಂದರು. ನಾನೂ ನಕ್ಕೆ. ಮನೆಗೆ ಬಂದಮೇಲೆ ನಿದ್ದೆ ಬರಲಿಲ್ಲ.

ಮಧುಗಿರಿ ಸಿಸ್ಟರ್ · ಭಾನುವಾರ ರಾತ್ರಿ

ನಾನೂ ಕಾರ್ಕ್‌ನಲ್ಲೇ ಇದ್ದೀನಿ ಸರ್, ಆರು ವರ್ಷ ಆಯ್ತು. ಮೊದಲು ಆ ಏಜೆಂಟಿಗೆ ಕೈ ಮುಗಿದು ಕಳಿಸಿ. ಫ್ಯಾಮಿಲಿ ವೀಸಾ ಅರ್ಜಿ ಆನ್‌ಲೈನ್‌ನಲ್ಲಿ ನೀವೇ ತುಂಬೋದು. ಒಬ್ಬರಿಗೆ ವೀಸಾ ಫೀಸು ಒಂದು ಸಲದ್ದಕ್ಕೆ 60 ಯೂರೋ, ಹಲವು ಸಲ ಓಡಾಡೋದಕ್ಕೆ 100 ಯೂರೋ. 3 ಲಕ್ಷ ಯಾವ ಲೆಕ್ಕ?

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇಲ್ಲ. ಇಂಡಿಯಾದಿಂದ ಬರೋ ನರ್ಸ್‌ಗಳು ಮೊದಲು ಅಟಿಪಿಕಲ್ ವರ್ಕಿಂಗ್ ಸ್ಕೀಮ್ ಅನ್ನೋ ತಾತ್ಕಾಲಿಕ ಅನುಮತಿಯಲ್ಲಿ ಬರುತ್ತಾರೆ. ಇಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಕೊಡಬೇಕು, ಇಲ್ಲಾಂದ್ರೆ ಆಸ್ಪತ್ರೆಯಲ್ಲಿ ಅಡಾಪ್ಟೇಶನ್ ಅನ್ನೋ ತರಬೇತಿ ಮುಗಿಸಬೇಕು. ಅದಾದ ಮೇಲೆ ನರ್ಸಿಂಗ್ ಬೋರ್ಡ್ ಪಿನ್ (ನೋಂದಣಿ ನಂಬರ್) ಕೊಡುತ್ತೆ. ಪಿನ್ ಬಂದಮೇಲೆ ಕ್ರಿಟಿಕಲ್ ಸ್ಕಿಲ್ಸ್ ಅನ್ನೋ ಕೆಲಸದ ಪರ್ಮಿಟ್. ಮೊದಲನೇ ಹಂತದಲ್ಲಿ ಕುಟುಂಬ ಕರೆಸೋ ಹಾಗಿಲ್ಲ. ಪರ್ಮಿಟ್ ಕೈಗೆ ಬಂದ ತಕ್ಷಣ ಕರೆಸಬಹುದು, ವರ್ಷಗಟ್ಟಲೆ ಕಾಯಬೇಕಿಲ್ಲ. ಹಾಗಾಗಿ ಅವರು ಜುಲೈನಲ್ಲಿ ಬಂದರೆ ನೀವು ಬರೋದು ಚಳಿಗಾಲಕ್ಕೆ ಅಂದ್ಕೊಳ್ಳಿ.

ನಿಮ್ಮ ದೊಡ್ಡಪ್ಪನಿಗೆ ಹೇಳಿ, ಕ್ರಿಟಿಕಲ್ ಸ್ಕಿಲ್ಸ್‌ನವರ ಗಂಡನಿಗೆ ಸ್ಟಾಂಪ್ 1ಜಿ ಅನ್ನೋ ವಾಸದ ಅನುಮತಿ ಸಿಗುತ್ತೆ, ಬೇರೆ ಪರ್ಮಿಟ್ ಇಲ್ಲದೆ ಯಾವ ಕೆಲಸ ಬೇಕಾದರೂ ಮಾಡಬಹುದು. ಹೆಂಡತಿ ವೀಸಾ ಅಂದ್ರೆ ಸುಮ್ನೆ ಅಲ್ಲ.

ಶಿರಾಗೇಟ್ · ಸೋಮವಾರ ಬೆಳಗ್ಗೆ

ಬ್ಯಾಂಕಿನಲ್ಲಿ 33 ವರ್ಷ ಇದ್ದು ನಿವೃತ್ತನಾದವನು ನಾನು. ಹೊರಡೋರು ಸೂಟ್‌ಕೇಸ್ ತೂಕ ನೋಡುತ್ತಾರೆ, ಹೆಸರು ನೋಡೋದಿಲ್ಲ. ನಿಮ್ಮ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇದೆಯಾ?

ಏಜೆಂಟ್ ಬಗ್ಗೆ ಒಂದು ಮಾತು. ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟು ಕೇಂದ್ರ ಸರ್ಕಾರದ ಎಮಿಗ್ರೇಷನ್ ವಿಭಾಗದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಆದವರ ಪಟ್ಟಿ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಅವನ ಹೆಸರು ಹುಡುಕಿ ನೋಡಿ.

ಗುಬ್ಬಿಯವ · ಸೋಮವಾರ ಮಧ್ಯಾಹ್ನ

ಹುಡುಕಿದೆ ಸರ್. ಇಲ್ಲ. ಫೋನ್ ಮಾಡಿ ನೋಂದಣಿ ನಂಬರ್ ಕೇಳಿದೆ, "ಆಫೀಸಿಗೆ ಬನ್ನಿ ಮಾತಾಡೋಣ" ಅಂದ. ಹೋಗಲ್ಲ.

ಹೆಸರಿನ ವಿಷಯ ಕೇಳಿದಿರಲ್ಲ, ಈಗಷ್ಟೇ ಎಲ್ಲ ಕಾಗದ ಚಾಪೆ ಮೇಲೆ ಹರಡಿದೆ. ತಲೆ ತಿರುಗಿತು. ನನ್ನ ಇನಿಷಿಯಲ್ ಎರಡಕ್ಷರ. ಮೊದಲನೆಯದು ಊರು, ಎರಡನೆಯದು ಅಪ್ಪ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಎರಡೂ ಅಕ್ಷರ ಹೆಸರಿನ ಹಿಂದೆ ಇದೆ. ಆಧಾರ್‌ನಲ್ಲಿ ಹೆಸರಿನ ಮುಂದೆ. ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿದ್ದಾರೆ, ಹಾಗಾಗಿ ನಮ್ಮೂರೇ ನನ್ನ ಸರ್‌ನೇಮ್ ಆಗಿ ಕೂತಿದೆ. ಮಗಳ ಜನನ ಪತ್ರದಲ್ಲಿ ನನಗೆ ಇನಿಷಿಯಲ್ಲೇ ಇಲ್ಲ.

ಊರಿನ ಹೆಸರೂ ಹಾಗೇ. ಹೆಂಡತಿಯ ನರ್ಸಿಂಗ್ ಸರ್ಟಿಫಿಕೇಟ್ ಇಂಗ್ಲಿಷ್‌ನಲ್ಲಿ 'ತುಮಕೂರ್' ಅನ್ನೋ ಹಳೇ ಸ್ಪೆಲ್ಲಿಂಗ್, ಮಗಳದ್ದರಲ್ಲಿ 'ತುಮಕೂರು' ಅಂತ ಹೊಸದು. ಇವೆರಡೂ ಬೇರೆ ಬೇರೆ ಊರು ಅಂತ ಅಲ್ಲಿನವರು ತಿಳ್ಕೊಂಡರೆ?

ಶಿರಾಗೇಟ್ · ಸೋಮವಾರ ಸಂಜೆ

ಊರಿನದಕ್ಕೆ ಹೆದರಬೇಡಿ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಜೊತೆ ಒಟ್ಟು 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು, ನಮ್ಮ ತುಮಕೂರೂ ಅದರಲ್ಲಿ ಒಂದು. ಅರ್ಜಿ ಜೊತೆ ಒಂದು ಪುಟದ ವಿವರಣೆ ಪತ್ರ ಇಡಿ, ಅದರಲ್ಲಿ ಈ ತಾರೀಕು ಬರೆಯಿರಿ. ಸಾಕು.

ನಿಮ್ಮ ಹೆಸರಿನದು ಜಾಸ್ತಿ ಕೆಲಸ. ಈ ನಾಲ್ಕೂ ರೀತಿ ಬರೆದಿರೋದು ಒಬ್ಬನೇ ವ್ಯಕ್ತಿ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ. ಮಗಳ ಜನನ ಪತ್ರ ಹಳೇದಾಗಿದ್ದರೆ ಇ-ಜನ್ಮದ (ಸರ್ಕಾರದ ಆನ್‌ಲೈನ್ ಜನನ ನೋಂದಣಿ) ಹೊಸ ಪ್ರತಿ ತಗೊಳ್ಳಿ, ಅದು ಕನ್ನಡ ಇಂಗ್ಲಿಷ್ ಎರಡರಲ್ಲೂ ಬರುತ್ತೆ. ಅದರಲ್ಲಿ ಮಗುವಿನ ಹೆಸರು ಇದೆಯಾ ನೋಡಿ. ಎಷ್ಟೋ ಮಕ್ಕಳದು ನಾಮಕರಣಕ್ಕೆ ಮೊದಲೇ ಆಸ್ಪತ್ರೆಯಿಂದ ದಾಖಲಾಗಿ ಹೆಸರಿನ ಜಾಗ ಖಾಲಿ ಇರುತ್ತೆ. 15 ವರ್ಷದ ಒಳಗಾದರೆ ಸೇರಿಸಬಹುದು.

ಆಮೇಲೆ ಅಪೊಸ್ಟೈಲ್, ಅಂದ್ರೆ ಕಾಗದ ಅಸಲಿ ಅಂತ ಬೇರೆ ದೇಶದವರೂ ಒಪ್ಪೋ ಸರ್ಕಾರಿ ಮುದ್ರೆ. ಇಂಡಿಯಾ 2005ರಿಂದ ಆ ಒಪ್ಪಂದದಲ್ಲಿದೆ, ಐರ್ಲೆಂಡ್ ಕೂಡ ಇದೆ. ಜನನ ಪತ್ರ, ಮದುವೆ ಪತ್ರ ಮೊದಲು ರಾಜ್ಯ ಸರ್ಕಾರದ ದೃಢೀಕರಣಕ್ಕೆ ಹೋಗುತ್ತೆ, ಆಮೇಲೆ ವಿದೇಶಾಂಗ ಸಚಿವಾಲಯಕ್ಕೆ. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಮಿಕ್ಕಿದ್ದೆಲ್ಲ ನಡುವಿನವರದು. ಯಾವ ಕಾಗದಕ್ಕೆ ಬೇಕು ಅಂತ ಕೇಳಿಕೊಂಡು ಅಷ್ಟಕ್ಕೆ ಮಾತ್ರ ಮಾಡಿಸಿ. ನಮ್ಮ ನೆಂಟರೊಬ್ಬರು ಗಾಬರಿಗೆ ರೇಷನ್ ಕಾರ್ಡ್ ಕೂಡ ಹಿಡ್ಕೊಂಡು ಹೋಗಿದ್ದರು.

ಟೀಚರಮ್ಮ · ಸೋಮವಾರ ರಾತ್ರಿ

ಸಿರಾ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಟೀಚರ್ ನಾನು. ಮಗಳ ವಿಷಯಕ್ಕೆ ಬರ್ತೀನಿ.

ಜೂನ್‌ನಲ್ಲಿ 5ನೇ ಕ್ಲಾಸಿಗೆ ಕಳಿಸಿ, ಮನೆಯಲ್ಲಿ ಕೂರಿಸಬೇಡಿ. ಹೊರಡೋ ಹದಿನೈದು ದಿನ ಮೊದಲು ಟಿಸಿ ಕೇಳಿ. ಟಿಸಿಯಲ್ಲಿ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡೋ ನಂಬರ್) ಇರುತ್ತೆ, ಅದನ್ನು ಜೋಪಾನ ಮಾಡಿ. ನಾಳೆ ವಾಪಸ್ ಬಂದರೆ ಆ ನಂಬರ್ ಇದ್ದರೆ ಕೆಲಸ ಸಲೀಸು.

ಈಗ ಯಾರೂ ಹೇಳದ ಒಂದು ಲೆಕ್ಕ. ನಮ್ಮ ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಮೀಸಲು ಸಿಗಬೇಕಾದರೆ 1ರಿಂದ 10ನೇ ತರಗತಿವರೆಗೆ ಕನ್ನಡದಲ್ಲೇ ಓದಿರಬೇಕು. ಅದು ನಿಮ್ಮ ಮಗಳಿಗೆ ಕೈತಪ್ಪುತ್ತೆ. ಆದರೆ ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳೋಕೆ 1ರಿಂದ 12ರ ಒಳಗೆ 7 ವರ್ಷ ಇಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿ ಪಾಸಾಗಿದ್ದರೆ ಆಗುತ್ತೆ. ಅವಳದು 4 ವರ್ಷ ಆಗಿದೆ. 10ನೇ ತರಗತಿಗೆ ವಾಪಸ್ ಬಂದು ಪಿಯುಸಿ ಮುಗಿಸಿದರೂ 7 ಆಯ್ತು. ಸಿಇಟಿ ಕೈಪಿಡಿ ಪ್ರತಿ ವರ್ಷ ಬರುತ್ತೆ, ಆ ಹೊತ್ತಿಗೆ ನೋಡ್ಕೊಳ್ಳಿ. ಅಂತೂ ಸಿಇಟಿ ಹೋಗುತ್ತೆ ಅನ್ನೋ ಭಯಕ್ಕೆ ಮಗೂನ ಇಲ್ಲಿ ಬಿಡೋದು ಬೇಡ.

ಮಧುಗಿರಿ ಸಿಸ್ಟರ್ · ಮಂಗಳವಾರ

ಟೀಚರ್ ಹೇಳಿದ್ದು ಸರಿ. ಇಲ್ಲಿ ಮಕ್ಕಳನ್ನು ವಯಸ್ಸು ನೋಡಿ ಕ್ಲಾಸಿಗೆ ಹಾಕುತ್ತಾರೆ, ಮಾರ್ಕ್ಸ್ ನೋಡಿ ಅಲ್ಲ. ಶಾಲೆ ವರ್ಷ ಆಗಸ್ಟ್ ಕೊನೆಗೆ ಶುರು, ಜೂನ್ ಕೊನೆಗೆ ಮುಗಿಯುತ್ತೆ. ನಡುವೆ ಸೇರಿಸ್ಕೊಳ್ತಾರೆ, ಆದರೆ ಹತ್ತಿರದ ಶಾಲೆಯಲ್ಲಿ ಜಾಗ ಇರಬೇಕು. ಪ್ರೈಮರಿ ಶಾಲೆಗೆ ಫೀಸಿಲ್ಲ. 2023ರಿಂದ ಪುಸ್ತಕವೂ ಉಚಿತ. ಬಹುಪಾಲು ಶಾಲೆಗಳು ಕ್ಯಾಥೊಲಿಕ್ ಆಡಳಿತದವು. ಪ್ರಾರ್ಥನೆ ಹೊತ್ತಿಗೆ ನಮ್ಮ ಮಕ್ಕಳು ಸುಮ್ನೆ ಕೂತಿರಬಹುದು, ಒತ್ತಾಯ ಇಲ್ಲ.

ಇಂಗ್ಲಿಷ್ ಜೊತೆ ಐರಿಷ್ ಭಾಷೆಯನ್ನೂ ಕಲಿಸುತ್ತಾರೆ. ನನ್ನ ಮಗ ಮನೆಗೆ ಬಂದು ಅದನ್ನು ಓದುವಾಗ ನಮ್ಮತ್ತೆ ವಿಡಿಯೋ ಕಾಲ್‌ನಲ್ಲಿ "ಅದ್ಯಾವ ಮಂತ್ರ ಕಲಿಸಿದ್ರು ಮಗೀಗೆ" ಅಂತ ಕೇಳಿದ್ದರು.

ಲಸಿಕೆ ವಿಷಯ ಮರೀಬೇಡಿ. ತಾಯಿ ಕಾರ್ಡ್ ಹುಡುಕಿ ಇಟ್ಕೊಳ್ಳಿ. ನಮ್ಮ ಸರ್ಕಾರಿ ಲಸಿಕೆಯಲ್ಲಿ ಎಂಆರ್ ಇದೆ, ಅಂದ್ರೆ ದಡಾರ ಮತ್ತೆ ರುಬೆಲ್ಲಾ. ಇಲ್ಲಿ ಕೊಡೋದು ಎಂಎಂಆರ್, ಅದರಲ್ಲಿ ಮಂಗನಬಾವುದೂ ಸೇರಿದೆ. ಹೊರಡೋ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕೇಳಿ ಬಿಟ್ಟುಹೋಗಿದ್ದು ಹಾಕಿಸಿ, ಕಾರ್ಡಿನಲ್ಲಿ ಬರೆಸಿ. ಇಲ್ಲಿ 8 ವರ್ಷದ ಒಳಗಿನ ಮಕ್ಕಳಿಗೆ ಡಾಕ್ಟರ್ ಫೀಸಿಲ್ಲ. ನಿಮ್ಮ ಮಗಳು ಒಂದು ವರ್ಷಕ್ಕೆ ತಪ್ಪಿಸಿಕೊಂಡಳು.

ಮೊಮ್ಮಗಳು · ಮಂಗಳವಾರ ತಡರಾತ್ರಿ

ನಾನು ಸಾಮಾನ್ಯವಾಗಿ ಇಲ್ಲಿ ಓದ್ತೀನಿ ಅಷ್ಟೇ, ಬರೆಯಲ್ಲ. ಇದಕ್ಕೆ ಬರೆಯಲೇಬೇಕು ಅನ್ನಿಸಿತು.

ನನ್ನ ಅಪ್ಪ ಅಮ್ಮ ಕುವೈತ್‌ನಲ್ಲಿದ್ದರು. 7ರಿಂದ 15 ವರ್ಷದವರೆಗೆ ನಾನು ಕೊರಟಗೆರೆಯಲ್ಲಿ ಅಜ್ಜಿ ಜೊತೆ ಬೆಳೆದೆ. ಕಷ್ಟ ಅಂತ ಏನೂ ಇರಲಿಲ್ಲ. ಅಜ್ಜಿ ದಿನಾ ಬೆಳಗ್ಗೆ ಬಿಸಿನೀರು ಕಾಯಿಸಿ ತಲೆ ಬಾಚಿ ಕಳಿಸುತ್ತಿದ್ದರು. ಶುಕ್ರವಾರ ಅಲ್ಲಿ ರಜ, ಪಕ್ಕದ ಮನೆ ಲ್ಯಾಂಡ್‌ಲೈನಿಗೆ ಫೋನ್ ಬರೋದು. ಅಮ್ಮ "ಊಟ ಆಯ್ತಾ" ಅನ್ನೋರು, ನಾನು "ಆಯ್ತು" ಅಂತಿದ್ದೆ. ಪಕ್ಕದ ಮನೆಯವರು ಕೇಳಿಸ್ಕೊಳ್ತಾ ಇರೋವಾಗ ಇನ್ನೇನು ಮಾತಾಡೋದು?

ಪ್ರೋಗ್ರೆಸ್ ಕಾರ್ಡಿಗೆ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದರು. ಕ್ಲಾಸಿನಲ್ಲಿ ಎಲ್ಲರ ಕಾರ್ಡಲ್ಲೂ ಸಹಿ, ನನ್ನದರಲ್ಲಿ ನೀಲಿ ಮಚ್ಚೆ. ಹುಡುಗರು ನಗುತ್ತಿದ್ದರು. 5ನೇ ಕ್ಲಾಸಿನ ಬೇಸಿಗೆ ರಜದಲ್ಲಿ ನಾನೇ ಅಜ್ಜಿಗೆ ಹೆಸರು ಬರೆಯೋದು ಕಲಿಸಿದೆ. ಸ್ಲೇಟಿನ ಮೇಲೆ. ಒಂದು ತಿಂಗಳು ಹಿಡಿಯಿತು. ಆಮೇಲೆ ಬ್ಯಾಂಕಿನಲ್ಲೂ ಸಹಿ ಹಾಕಿದರು.

ಅಮ್ಮ ಎರಡು ವರ್ಷಕ್ಕೊಮ್ಮೆ ಬರೋರು. ಹಾಲಿನ ಪುಡಿ ಡಬ್ಬ, ಸೆಂಟು, ನನಗೆ ಫ್ರಾಕು. ಫ್ರಾಕು ಯಾವಾಗಲೂ ಚಿಕ್ಕದಾಗಿರುತ್ತಿತ್ತು, ಯಾಕಂದ್ರೆ ಅಮ್ಮನ ಲೆಕ್ಕದಲ್ಲಿ ನಾನು ಹೋದ ಸಲ ನೋಡಿದಷ್ಟೇ ಇದ್ದೆ.

ಈಗ ಅಮ್ಮ ನನ್ನ ಜೊತೆಗೇ ಇದ್ದಾರೆ. ಒಳ್ಳೆಯವರು. ಇಬ್ಬರೂ ಒಬ್ಬರಿಗೊಬ್ಬರು ಜಾಸ್ತಿ ಮರ್ಯಾದೆ ಕೊಡ್ತೀವಿ, ಅತಿಥಿಗಳ ಹಾಗೆ. ನಿಮ್ಮ ಹೆಂಡತಿ ಉತ್ತರ ಕೊಡದೆ ಎದ್ದು ಹೋಗ್ತಾರೆ ಅಂದ್ರಲ್ಲ, ಅದೇ ಅವರ ಉತ್ತರ ಸರ್.

ಕಲ್ಪತರು 78 · ಬುಧವಾರ

ಆ ತಂಗಿ ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಯ್ತು, ನನಗೆ ಗೊತ್ತಿರೋದು ತೋಟ, ಅದನ್ನೇ ಹೇಳ್ತೀನಿ.

ನಾನು ತಿಪಟೂರು ಕಡೆ ಕೊಬ್ಬರಿ ವ್ಯಾಪಾರದವನು. ಎರಡು ಎಕರೆ ತೆಂಗು ಯಾರಾದರೂ ನೋಡ್ಕೊಳ್ತಾರೆ. ಕಾಯಿ ಕೀಳಿಸೋದು, ಅಟ್ಟಕ್ಕೆ ಹಾಕೋದು, ಆರೇಳು ತಿಂಗಳಿಂದ ವರ್ಷದವರೆಗೆ ಕಾಯೋದು, ಸುಲಿಸೋದು. ಇದನ್ನೆಲ್ಲ ಅಮ್ಮ ಒಬ್ಬರೇ ಮಾಡೋಕಾಗಲ್ಲ. ಅಟ್ಟದ ಗೋಜು ಬಿಡಿ. ಕಾಯಿ ಲೆಕ್ಕಕ್ಕೆ ಮಾರಿಬಿಡಿ, ಅಡಿಕೆ ಚೇಣಿಗೆ ಕೊಡಿ, ಅಂದ್ರೆ ಮರದ ಮೇಲಿನ ಫಸಲನ್ನೇ ಒಟ್ಟಿಗೆ ಮಾರೋದು. ದುಡ್ಡು ಸ್ವಲ್ಪ ಕಮ್ಮಿ, ತಲೆನೋವೂ ಕಮ್ಮಿ.

ಪಹಣಿ ಯಾರ ಹೆಸರಲ್ಲಿದೆ? ಬೆಂಬಲ ಬೆಲೆಗೆ ಕೊಬ್ಬರಿ ಕೊಡೋ ಹೊತ್ತಲ್ಲಿ ನಮ್ಮ ಕಡೆ ರೈತರ ಬೆರಳಚ್ಚು ಕೇಳಿದ್ದರು. ನಿಮ್ಮ ಹೆಸರಲ್ಲಿದ್ದರೆ ಐರ್ಲೆಂಡಿಂದ ಬೆರಳು ಕಳಿಸೋಕಾಗಲ್ಲ.

ಇನ್ನೊಂದು. ಹೋಗುವಾಗ ಸೂಟ್‌ಕೇಸಿನಲ್ಲಿ ಕೊಬ್ಬರಿ ಇಡಬೇಡಿ. ನಮ್ಮ ಜಿಲ್ಲೆಯವರು ಎಲ್ಲರೂ ಮಾಡೋ ತಪ್ಪು ಇದು. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳೋ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನದ ಲಗೇಜಿಗೆ ಹಾಕೋ ಹಾಗಿಲ್ಲ. ತಮಾಷೆ ನೋಡಿ, ಹಸಿ ತೆಂಗಿನಕಾಯಿಗೆ ಯುರೋಪಿನವರು ಸಸ್ಯ ತಪಾಸಣೆ ಸರ್ಟಿಫಿಕೇಟ್ ಕೂಡ ಕೇಳಲ್ಲ. ಅನಾನಸ್, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್, ತೆಂಗು, ಈ ಐದಕ್ಕೆ ಮಾತ್ರ ವಿನಾಯಿತಿ.

ಗುಬ್ಬಿಯವ · ಬುಧವಾರ ಸಂಜೆ

ಪಹಣಿ ಅಮ್ಮನ ಹೆಸರಲ್ಲೇ ಇದೆ. ತುಪ್ಪ ತಗೊಂಡು ಹೋಗಬಹುದಾ? ಅಮ್ಮ ಈಗಲೇ ಬೆಣ್ಣೆ ಕೂಡಿಡೋಕೆ ಶುರು ಮಾಡಿದ್ದಾರೆ.

ಮಧುಗಿರಿ ಸಿಸ್ಟರ್ · ಬುಧವಾರ ರಾತ್ರಿ

ಇಲ್ಲ ಸರ್. ಹಾಲು, ತುಪ್ಪ, ಪನೀರ್, ಮಾಂಸ ಏನೂ ಯುರೋಪಿಗೆ ಹೊರಗಿಂದ ತರೋ ಹಾಗಿಲ್ಲ. ಆ ತುಪ್ಪ ನೀವೇ ತಿಂದುಬಿಡಿ. ರಾಗಿ ಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು ತರಲಿ. ಕರಿಬೇವಿನ ಹಸಿ ಸೊಪ್ಪು ಬೇಡ, ಒಣಗಿಸಿ ಪುಡಿ ಮಾಡಿ. ಮುದ್ದೆ ಕೋಲು ಮರೀಬೇಡಿ, ಇಲ್ಲಿ ಎಲ್ಲಿ ಹುಡುಕಿದರೂ ಸಿಗಲ್ಲ. ನಾನು ಮೊದಲ ವರ್ಷ ಲಟ್ಟಣಿಗೆಯಲ್ಲಿ ತಿರುವಿ ಅದರ ಹಿಡಿ ಮುರಿದೆ. ಕುಕ್ಕರ್ ತಗೊಳ್ಳೋರು ತಳಕ್ಕೆ ಇಂಡಕ್ಷನ್ ಗುರುತಿದೆಯಾ ನೋಡಿ. ಬರೀ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆ ಮೇಲೆ ಬಿಸಿಯೇ ಆಗಲ್ಲ.

ಪಾವಗಡ ವಾಪಸ್ · ಗುರುವಾರ

ಎಲ್ಲರೂ ಕಾಗದ, ಕುಕ್ಕರ್ ಬಗ್ಗೆ ಹೇಳ್ತಿದ್ದೀರಿ. ಗಂಡನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ.

ನಾನೂ ಹೆಂಡತಿ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಹೋದವನು. ಮೂರು ವರ್ಷ ಇದ್ದು ವಾಪಸ್ ಬಂದ್ವಿ. ಮೊದಲ ನಾಲ್ಕು ತಿಂಗಳು ನನಗೆ ಕೆಲಸ ಇರಲಿಲ್ಲ. ಅವಳದು ಬೆಳಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ ಡ್ಯೂಟಿ. ಮಗನನ್ನು ಎಬ್ಬಿಸಿ, ತಿಂಡಿ ಕೊಟ್ಟು, ಶಾಲೆಗೆ ಬಿಟ್ಟು ಬಂದರೆ ಒಂಬತ್ತೂಕಾಲು. ಮತ್ತೆ ಕರ್ಕೊಂಡು ಬರೋಕೆ ಮೂರು ಗಂಟೆ. ಆ ನಡುವಿನ ಹೊತ್ತು ಇದೆಯಲ್ಲ, ಅದು ಪಾವಗಡದ ಬಿಸಿಲಿಗಿಂತ ಉದ್ದ. ಅವಳು ಬಂದು "ಇವತ್ತು ಏನು ಮಾಡಿದ್ರಿ" ಅಂತ ಪ್ರೀತಿಯಿಂದ ಕೇಳಿದರೂ ನನಗೆ ಲೆಕ್ಕ ಕೇಳಿದ ಹಾಗೆ ಆಗೋದು. ಜಗಳ ಆಡಿದ್ದೀವಿ.

ಈಗ ನಿಮಗೆ ಜುಲೈಯಿಂದ ಚಳಿಗಾಲದವರೆಗೆ ಹೊತ್ತಿದೆ. ಅಡುಗೆ ಕಲೀರಿ. ಪೂರ್ತಿ ಅಡುಗೆ, ಅನ್ನ ಸಾರು ಮಾತ್ರ ಅಲ್ಲ. ಮಗಳ ಜಡೆ ಹಾಕೋದು ಕಲೀರಿ. ನಗಬೇಡಿ, ಬೆಳಗ್ಗೆ ಏಳಕ್ಕೇ ಅಮ್ಮ ಹೊರಟಿದ್ದರೆ ಜಡೆ ಯಾರು ಹಾಕ್ತಾರೆ? ಕಾರು ಓಡಿಸೋಕೆ ಬರದಿದ್ದರೆ ಈಗಲೇ ಕಲೀರಿ. ಆಮೇಲೆ ಅಲ್ಲಿ ಏನು ಕೆಲಸ ಅಂತ ಈಗಲೇ ಯೋಚಿಸಿ, ಹೋದಮೇಲೆ ಅಲ್ಲ.

ಮಧುಗಿರಿ ಸಿಸ್ಟರ್ · ಗುರುವಾರ

ಅಣ್ಣ ಹೇಳಿದ್ದು ನೂರಕ್ಕೆ ನೂರು. ನನ್ನ ಗಂಡನೂ ಹಾಗೇ ಇದ್ದರು. ಐರ್ಲೆಂಡ್‌ನಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದು, ಆದರೆ ಇಂಡಿಯಾ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡಲ್ಲ, ಹೊಸದಾಗಿ ಪರೀಕ್ಷೆ ಕೊಡಬೇಕು. ಅಕೌಂಟ್ಸ್ ಗೊತ್ತಿರೋರಿಗೆ ಪೇರೋಲ್, ಬಿಲ್ಲಿಂಗ್ ಕೆಲಸಗಳಿವೆ, ಆದರೆ ಮೊದಲ ಕೆಲಸ ಅದೇ ಸಿಗುತ್ತೆ ಅಂತ ಕೂರಬೇಡಿ. ನಮ್ಮೆಜಮಾನರು ಶುರು ಮಾಡಿದ್ದು ಸೂಪರ್ ಮಾರ್ಕೆಟ್‌ನಲ್ಲಿ ಶೆಲ್ಫ್ ಜೋಡಿಸೋದರಿಂದ.

ಹೊರಡೋ ಮೇಡಂಗೆ ಎರಡು ಮಾತು. ಹೋದ ಕೂಡಲೇ ಪಿಪಿಎಸ್ ನಂಬರ್ (ತೆರಿಗೆಗೆ, ಸರ್ಕಾರಿ ಕೆಲಸಗಳಿಗೆ ಬೇಕಾದ ನಂಬರ್) ಮಾಡಿಸಲಿ. ಅದು ಇಲ್ಲದೆ ಸಂಬಳ ಬಂದರೆ ಎಮರ್ಜೆನ್ಸಿ ಟ್ಯಾಕ್ಸ್ ಅಂತ ಜಾಸ್ತಿ ಹಿಡಿಯುತ್ತಾರೆ. ಆಮೇಲೆ ವಾಪಸ್ ಬರುತ್ತೆ, ಆದರೆ ಮೊದಲ ತಿಂಗಳೇ ಕೈ ಖಾಲಿ. 90 ದಿನದ ಒಳಗೆ ಐಆರ್‌ಪಿ ಕಾರ್ಡ್ (ಹೊರದೇಶದವರ ನೋಂದಣಿ ಕಾರ್ಡ್), ಅದಕ್ಕೆ 300 ಯೂರೋ. ಮನೆ ಸಿಗೋದೇ ದೊಡ್ಡ ಕಷ್ಟ ಇಲ್ಲಿ. ಅಡ್ವಾನ್ಸ್ ಒಂದು ತಿಂಗಳದ್ದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ತುಮಕೂರಿನ ಹತ್ತು ತಿಂಗಳ ಅಡ್ವಾನ್ಸ್ ತರ ಅಲ್ಲ. ಆದರೆ ಒಂದು ಮನೆ ನೋಡೋಕೆ ಉದ್ದ ಸಾಲು ನಿಂತಿರುತ್ತೆ. ಮನೆ ನೋಡದೆ, ಫೋಟೋ ನೋಡಿ ಯಾರಿಗೂ ದುಡ್ಡು ಕಳಿಸಬೇಡಿ.

ಶಿರಾಗೇಟ್ · ಶುಕ್ರವಾರ

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ.

ಕೆಲಸಕ್ಕೆ ಅಂತ ಹೊರಗೆ ಹೋದಮೇಲೆ ಇಲ್ಲಿನ ಸೇವಿಂಗ್ಸ್ ಖಾತೆ ಹಾಗೇ ಇಟ್ಕೊಳ್ಳೋ ಹಾಗಿಲ್ಲ. ಅದನ್ನು ಎನ್‌ಆರ್‌ಒ, ಅಂದ್ರೆ ಹೊರಗಿರೋರು ಇಲ್ಲಿನ ದುಡ್ಡಿಗೆ ಇಟ್ಕೊಳ್ಳೋ ಖಾತೆ ಮಾಡಿಸಬೇಕು. ಅಲ್ಲಿಂದ ಕಳಿಸೋ ದುಡ್ಡಿಗೆ ಎನ್‌ಆರ್‌ಇ ಖಾತೆ. ಪಿಪಿಎಫ್ ಇದ್ದರೆ ಅವಧಿ ಮುಗಿಯೋವರೆಗೆ ನಡೆಸಬಹುದು, ಹೊಸದು ತೆಗೆಯೋ ಹಾಗಿಲ್ಲ. ತುಮಕೂರಿನಲ್ಲಿ ಸ್ವಂತ ಮನೆ ಇದ್ದು ಬಾಡಿಗೆಗೆ ಕೊಟ್ಟರೆ, ಬಾಡಿಗೆದಾರ ನಿಮಗೆ ಕೊಡುವಾಗ ಶೇಕಡಾ 30ಕ್ಕಿಂತ ಸ್ವಲ್ಪ ಜಾಸ್ತಿ ಟಿಡಿಎಸ್ ಹಿಡಿಯಬೇಕು. ಇದು ಯಾರಿಗೂ ಗೊತ್ತಿಲ್ಲ, ಆಮೇಲೆ ಇಬ್ಬರಿಗೂ ನೋಟಿಸ್.

ಜಮೀನು. ಎನ್‌ಆರ್‌ಐ ಆದಮೇಲೆ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಆದರೆ ಅಮ್ಮನಿಂದ ಪಿತ್ರಾರ್ಜಿತವಾಗಿ ಬರೋದಕ್ಕೆ ಅಡ್ಡಿ ಇಲ್ಲ. ಪಕ್ಕದ ಅರ್ಧ ಎಕರೆ ಬರ್ತಿದೆ, ಅಲ್ಲಿಂದ ದುಡ್ಡು ಕಳಿಸಿ ತಗೊಳ್ಳೋಣ ಅನ್ನೋ ಯೋಚನೆ ಇದ್ದರೆ ಬಿಡಿ. ತೋಟವನ್ನು ಯಾರಿಗಾದರೂ ಗೇಣಿ ಅಂತ ಬರೆದು ಕೊಡಬೇಡಿ. 1974ರ ಭೂಸುಧಾರಣೆ ತಿದ್ದುಪಡಿ ಆದಾಗಿನಿಂದ ಜಮೀನು ಗೇಣಿಗೆ ಕೊಡೋ ಹಾಗಿಲ್ಲ. ಕಲ್ಪತರು ಅವರು ಹೇಳಿದ ಹಾಗೆ ಫಸಲು ಮಾರೋದು ಬೇರೆ, ಜಮೀನು ಕೊಡೋದು ಬೇರೆ. ಪಿಎಂ ಕಿಸಾನ್ ನಿಮ್ಮ ಹೆಸರಲ್ಲಿ ಬರ್ತಿದ್ದರೆ ನಿಲ್ಲಿಸಿ, ಎನ್‌ಆರ್‌ಐಗೆ ಅದು ಇಲ್ಲ.

ಮನೆ, ಬ್ಯಾಂಕು ನೋಡ್ಕೊಳ್ಳೋಕೆ ತಂಗಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಕೊಡೋದಿದ್ದರೆ ಇಲ್ಲೇ ಇದ್ದಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿ. ಅಲ್ಲಿಂದ ಮಾಡಿಸಿದರೆ ಆ ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು. ಓಡಾಟ ಜಾಸ್ತಿ.

ಮೊಬೈಲ್ ನಂಬರ್ ಬಿಡಬೇಡಿ. ಎಲ್ಲದಕ್ಕೂ ಒಟಿಪಿ ಅದಕ್ಕೇ ಬರೋದು. 90 ದಿನ ಬಳಸದೆ ಬಿಟ್ಟರೆ ನಂಬರ್ ಕಿತ್ತುಕೊಳ್ಳಬಹುದು.

ಟೀಚರಮ್ಮ · ಶುಕ್ರವಾರ

ಹಸು ಏನು ಮಾಡ್ತೀರಿ?

ಗುಬ್ಬಿಯವ · ಶುಕ್ರವಾರ ರಾತ್ರಿ

ಮಾರೋಣ ಅಂತಿದ್ದೀನಿ ಮೇಡಂ. 68 ವರ್ಷಕ್ಕೆ ಹುಲ್ಲು ಹೊರೋದು ಬೇಡ ಅಂತ. ಅಮ್ಮನನ್ನು ತಂಗಿ ಮನೆಗೆ ಕಳಿಸೋ ಯೋಚನೆ.

ಟೀಚರಮ್ಮ · ಶುಕ್ರವಾರ ರಾತ್ರಿ

ಅಮ್ಮನ್ನ ಕೇಳಿದ್ರಾ? ನಮ್ಮ ತಂದೆ ತೀರಿಕೊಂಡಮೇಲೆ ನಮ್ಮಣ್ಣನೂ ಹೀಗೇ ಅಮ್ಮನಿಗೆ ಆರಾಮ ಆಗಲಿ ಅಂತ ಹಸು ಮಾರಿದ. ದಿನಾ ಎರಡು ಹೊತ್ತು ಕ್ಯಾನ್ ಹಿಡ್ಕೊಂಡು ಡೇರಿಗೆ ಹೋಗಿ, ಹಾಲು ಅಳೆಸಿ, ಅಲ್ಲಿ ನಾಲ್ಕು ಜನರ ಜೊತೆ ಮಾತಾಡಿ ಬರೋರು. ಹಸು ಹೋದಮೇಲೆ ಹೊಸ್ತಿಲು ದಾಟೋದನ್ನೇ ಬಿಟ್ಟರು. ಹುಲ್ಲು ಹೊರೋಕೆ ಒಬ್ಬ ಆಳು ಇಡಿ. ಅಮ್ಮ ಒಂದು ದಿನ ಡೇರಿಗೆ ಬರಲಿಲ್ಲ ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಡೇರಿ ಕಾರ್ಯದರ್ಶಿ ಫೋನ್ ನಂಬರ್ ನೀವು ಇಟ್ಕೊಳ್ಳಿ. ಯಾವ ಸಿಸಿ ಕ್ಯಾಮೆರಾನೂ ಇಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ.

ಕಲ್ಪತರು 78 · ಶನಿವಾರ

ನನಗೆ ಒಪ್ಪಿಗೆ ಇಲ್ಲ ಟೀಚರ್. ಒದೆಯೋ ಹಸು ಆದರೆ? ರಾತ್ರಿ ಕರು ಹಾಕೋ ಹೊತ್ತಲ್ಲಿ ಒಬ್ಬರೇ ಇದ್ದರೆ? ಮಾರಿ, ಎರಡು ಮೇಕೆ ಕಟ್ಟಿಸಿ.

ಟೀಚರಮ್ಮ · ಶನಿವಾರ

ಮೇಕೆ ಹಾಲು ಡೇರಿಯಲ್ಲಿ ತಗೊಳ್ತಾರಾ ಸರ್?

ಗುಬ್ಬಿಯವ · ಎರಡು ವಾರದ ನಂತರ

ಅಮ್ಮನ್ನ ಕೇಳಿದೆ. ಎದುರಿಗೆ ಕೂತು ಇಷ್ಟು ದಿನ ಕೇಳಿರಲೇ ಇಲ್ಲ ಅಂತ ಆಗ ಗೊತ್ತಾಯ್ತು. ಹಿಂದೆ ಎಲ್ಲ ನಾನೇ ತೀರ್ಮಾನ ಮಾಡಿ ತಿಳಿಸ್ತಿದ್ದೆ.

ಅಮ್ಮ ಹಸುವಿನ ಬಗ್ಗೆ ಮಾತೇ ಆಡಲಿಲ್ಲ. "ನಾನು ತಿಪಟೂರಿಗೆ ಓಗಲ್ಲ, ಅಳೀನ ಮನೇಲಿ ಎಷ್ಟು ದಿನ ಇರಾದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮಗೀನ ಬುಡು ಅಂದಿದ್ದು ಮಗೀಗಲ್ಲ ಕಣಪ್ಪ. ರಾತ್ರಿ ಹೊತ್ತು ಮನೇಲಿ ಸದ್ದಿರಲ್ಲ" ಅಂದರು.

ನಾನೇನೂ ಹೇಳಲಿಲ್ಲ. ಮೊಮ್ಮಗಳು ಅವರು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಹೆಬ್ಬೆಟ್ಟಿನ ಕಥೆ ಬಂದಾಗ ಅಮ್ಮ ತಮ್ಮ ಹೆಬ್ಬೆರಳು ನೋಡ್ಕೊಂಡರು.

ಈಗ ಆಗಿರೋದು ಹೀಗೆ. ಹಸು ಇರುತ್ತೆ. ಊರಿನ ನರ್ಸಿಂಗ್ ಓದೋ ಹುಡುಗಿ ಒಬ್ಬಳು, ತುಮಕೂರಿಗೆ ದಿನಾ ಬಸ್ಸಲ್ಲಿ ಓಡಾಡ್ತಾಳೆ, ಅವಳು ರಾತ್ರಿ ಅಮ್ಮನ ಜೊತೆ ಮಲಗ್ತಾಳೆ. ಅವಳ ಬಸ್ ಪಾಸು, ಪುಸ್ತಕದ ಖರ್ಚು ನಮ್ಮದು. ಹೆಂಡತಿ ಹೇಳಿದ ಉಪಾಯ ಇದು. ತೋಟದ ಕಾಯಿ ಲೆಕ್ಕಕ್ಕೆ, ಅಡಿಕೆ ಚೇಣಿಗೆ. ಜಿಪಿಎ ತಂಗಿಗೆ. ಮಗಳು ನಮ್ಮ ಜೊತೆ. ನಾನು ಜುಲೈಯಿಂದ ಹೊರಡೋವರೆಗೆ ಮಗಳ ಜೊತೆ ಊರಿನ ಮನೆಯಲ್ಲೇ ಇದ್ದು ಕಾಲೇಜಿಗೆ ಓಡಾಡ್ತೀನಿ.

ಪಾವಗಡದ ಅಣ್ಣ, ಜಡೆ ಕಲೀತಿದ್ದೀನಿ. ಎರಡು ಜಡೆ ಹಾಕಿದರೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಬರುತ್ತೆ.

ಮೊಮ್ಮಗಳು · ಅದೇ ದಿನ

ಮಗಳಿಗೆ ಒಂದು ನೋಟ್ ಬುಕ್ ಕೊಡಿ ಸರ್, ಅಜ್ಜಿಗೆ ಕಾಗದ ಬರೆಯೋಕೆ. ಕನ್ನಡದಲ್ಲಿ. ವಿಡಿಯೋ ಕಾಲ್ ಇದ್ದರೂ.

ಮಧುಗಿರಿ ಸಿಸ್ಟರ್ · ಅದೇ ದಿನ

ಚಳಿಗಾಲಕ್ಕೆ ಬರೋದರಿಂದ ಒಂದು ಮಾತು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೇ ಕತ್ತಲು. ಆಗ ಅಜ್ಜಿಗೆ ರಾತ್ರಿ ಹತ್ತು. ಶಾಲೆಯಿಂದ ಬಂದ ತಕ್ಷಣ ಫೋನ್ ಮಾಡಿಸಿ, ತಡ ಮಾಡಿದರೆ ಅಜ್ಜಿ ಮಲಗಿರ್ತಾರೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಆಗ ಮಗೂನ ಮಲಗಿಸೋದು ನಿಮ್ಮ ಕಷ್ಟ.

ಗುಬ್ಬಿಯವ · ಜುಲೈ

ನಿನ್ನೆ ಹೆಂಡತಿಯನ್ನು ಕಳಿಸಿ ಬಂದ್ವಿ. ಬೆಂಗಳೂರಿನ ಒಳಗೆ ಹೋಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ ಸೇರಿದ್ವಿ. ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೇ ಹೋಗೋದು ಅಂತ ಅವಳ ಹಟ. ತಿಂದಳು. ಎರಡನೇದಕ್ಕೆ ಚಟ್ನಿ ಹಾಕಿಸ್ಕೊಂಡು ಹಾಗೇ ಬಿಟ್ಟಳು.

ಸೂಟ್‌ಕೇಸ್ ಮನೆಯಲ್ಲಿ ಮೂರು ಸಲ ತೂಗಿದ್ದೆ. ಕಲ್ಪತರು ಸರ್ ಹೇಳಿದ್ದನ್ನು ಅಮ್ಮನಿಗೂ ಹೇಳಿದ್ದೆ, ತಲೆ ಆಡಿಸಿದ್ದರು. ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟು ಸ್ವಲ್ಪ ಹೊತ್ತಿಗೆ ಹೆಂಡತಿಯನ್ನು ಕರೆದರಂತೆ. ತೆಗೆಸಿದರೆ, ರಾಗಿ ಹಿಟ್ಟಿನ ಚೀಲದ ಒಳಗೆ, ಹಿಟ್ಟಿನ ಮಧ್ಯದಲ್ಲಿ, ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಕೊಬ್ಬರಿ ಗಿಟುಕು. ಆ ಅಧಿಕಾರಿ ಹುಡುಗಿ "ತಿಪಟೂರಾ ಮೇಡಂ" ಅಂತ ಕೇಳಿದಳಂತೆ. ಹೆಂಡತಿ ವಾಪಸ್ ಗೇಟಿನ ಹತ್ತಿರ ಬಂದು ಗಾಜಿನ ಆಚೆಯಿಂದ ತೋರಿಸಿದಳು, ಕೈ ತುಂಬಾ ಹಿಟ್ಟು. ಅಷ್ಟು ಹೊತ್ತು ಅಳು ತಡ್ಕೊಂಡಿದ್ದವಳು ಆಗ ನಗೋಕೆ ಶುರು ಮಾಡಿ ಅತ್ತಳು. ಅಲ್ಲಿದ್ದ ಪೊಲೀಸಿನವರು ಆ ಗಂಟನ್ನು ನಮಗೆ ತಂದುಕೊಟ್ಟರು.

ರಾತ್ರಿ ಊರಿಗೆ ಬಂದು ಅಮ್ಮನ ಮುಂದೆ ಗಂಟು ಇಟ್ಟೆ. ಅಮ್ಮ ಬಿಚ್ಚಿ ಎಣಿಸಿದರು. "ಆರು ಗಿಟುಕು ಇಟ್ಟಿದ್ದೆ. ಐದೈತೆ. ಒಂದಾದ್ರೂ ಓಯ್ತಾ ಅವಳ ಜೊತೆ?"

ಮಗಳು ಬಾಯಿ ಒರೆಸ್ಕೊಂಡಳು. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆವರೆಗೆ ಹಿಂದಿನ ಸೀಟಿನಲ್ಲಿ ಕಟಕಟ ಅಂತ ಸದ್ದು ಬರ್ತಾನೇ ಇತ್ತು.